ತಿರುಗಿ ನಿಂತ ಚಂದ್ರ

ಇಪ್ಪತ್ತಾರು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದ ಆಕೆಗೆ ಮಕ್ಕಳು ಇಟ್ಟ ಹೆಸರು ಲಿಟ್ಮಸ್ ಮೇಡಂ. ಪ್ರಯೋಗಶಾಲೆಯ ಲಿಟ್ಮಸ್ ಕಾಗದದ ಹಾಗೆ ಅವರ ಮುಖವೂ ಗಳಿಗೆಗೊಂದು ಬಣ್ಣ. ಸಿಟ್ಟು ಬಂದರೆ ಮೂಗಿನ ತುದಿಯಿಂದಲೇ ಕೆಂಪು ಶುರು. ಈ ಹೆಸರು ಕಿವಿಗೆ ಬಿದ್ದಿದ್ದರೂ ಮೇಡಂ ಕೇಳಿಸದವರ ಹಾಗೇ ಇದ್ದರು.

ಪಾಠವೆಂದರೆ ಆಕಳಿಸುವ ಮಕ್ಕಳು ಕಥೆಯೆಂದರೆ ಕಿವಿ ನೆಟ್ಟಗೆ ಮಾಡುತ್ತಾರೆಂದು ಕಂಡುಕೊಂಡವರು ಅವರೇ. ಘರ್ಷಣೆಯನ್ನು ಗಡೀಪಾರು ಮಾಡಿದ ರಾಜನ ಕಥೆ ಕಟ್ಟಿದರು. ಮರುದಿನ ಹಾಸಿಗೆಯಿಂದ ಜಾರಿದ ರಾಜ ಮೆಟ್ಟಿಲು, ಅಂಗಳ, ಹೆಬ್ಬಾಗಿಲು ದಾಟಿ ಜಾರುತ್ತಲೇ ಹೋದ. ಹಿಡಿಯಲು ಓಡಿದ ಮಂತ್ರಿಯೂ ಹಿಂದೆಯೇ ಜಾರಿದ. ಮಕ್ಕಳು ಬಿದ್ದು ಬಿದ್ದು ನಕ್ಕರು, ಪರೀಕ್ಷೆಯಲ್ಲೂ ಸರಿಯಾಗಿ ಬರೆದರು. ನಿವೃತ್ತಿಯ ನಂತರ ಮೇಡಂ ಅದನ್ನೇ ಪುಸ್ತಕ ಮಾಡಲು ಹೊರಟರು. ಚಿತ್ರಕ್ಕೆ ಊರೆಲ್ಲ ಹುಡುಕಬೇಕಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಕ್ಕನ ಜೊತೆಗೇ ಇದ್ದ ತಂಗಿ, ಬಟ್ಟೆ ಕಾರ್ಖಾನೆಗೆ ಹೂಬಳ್ಳಿಯ ವಿನ್ಯಾಸ ಬರೆದುಕೊಡುತ್ತಿದ್ದಳು. ಕಿಟಕಿಯ ಪಕ್ಕ ಒಂದು ಉದ್ದನೆಯ ಮೇಜು. ಈ ತುದಿಯಲ್ಲಿ ಅಕ್ಕನ ಹಾಳೆ, ಆ ತುದಿಯಲ್ಲಿ ತಂಗಿಯ ಬಣ್ಣ.

ತಂಗಿ ಕಥೆಯಲ್ಲಿಲ್ಲದ ಒಂದು ಪ್ರಾಣಿಯನ್ನು ತಂದು ಕೂರಿಸಿದಳು. ಪ್ರತಿ ಪುಟದ ಮೂಲೆಯಲ್ಲೂ ಒಂದು ರೆಕ್ಕೆಯ ಹಲ್ಲಿ.

"ಇದ್ಯಾಕೆ ಇಲ್ಲಿ?"

"ಸುಮ್ನೆ ಕಣಕ್ಕ, ಜಾಗ ಖಾಲಿ ಇತ್ತು."

ಖಾಲಿ ಜಾಗದ ಆ ಹಲ್ಲಿ ಇಡೀ ಪುಸ್ತಕವನ್ನೇ ನುಂಗಿಹಾಕಿತು. ಐದು ಪುಸ್ತಕ ಬರುವಷ್ಟರಲ್ಲಿ ಪತ್ರಗಳ ರಾಶಿ ಬಿತ್ತು, ಎಲ್ಲವೂ "ಚಿತ್ರದ ಆಂಟಿಗೆ". ಹಲ್ಲಿ ಏನು ತಿನ್ನುತ್ತದೆ, ಹಲ್ಲಿಗೆ ತಮ್ಮ ಇದ್ದಾನಾ, ಹಲ್ಲಿಗೆ ಶಾಲೆ ಉಂಟಾ. ಮೇಡಂ ಹೆಸರಿಗೆ ಬಂದದ್ದು ಒಂದೇ ಒಂದು: "ಅಕ್ಷರ ಸ್ವಲ್ಪ ಕಮ್ಮಿ ಮಾಡಿ, ಚಿತ್ರಕ್ಕೆ ಜಾಗ ಸಾಲ್ತಿಲ್ಲ." ಪುಸ್ತಕ ಬಿಡುಗಡೆಯಲ್ಲಿ ತಂಗಿಯ ಮುಂದೆ ಬಾಗಿಲವರೆಗೆ ಸಾಲು, ಸಹಿಯ ಪಕ್ಕ ಹಲ್ಲಿ ಬರೆಸಿಕೊಳ್ಳದೆ ಒಂದು ಮಗುವೂ ಕದಲುತ್ತಿರಲಿಲ್ಲ. ಮೇಡಂ ಮುಂದೆ ಇಬ್ಬರು ನಿಂತಿದ್ದರು. ಅವರಲ್ಲೊಬ್ಬರು ಕೇಳಿದ್ದು ಬಚ್ಚಲು ಎಲ್ಲಿದೆ ಎಂದು.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ? ಓದಿ, ಯೋಚಿಸಿ, ಮೂರು ಮೂರು ಸಲ ತಿದ್ದಿ ಬರೆದವರು ತಾವು, ಮೆರೆಯುವುದು ಇವಳ ಹಲ್ಲಿ. ಅಂಚೆಯವನು ಗೇಟು ತಟ್ಟಿದರೆ ಸಾಕು, ಮೇಡಂಗೆ ಅನ್ನ ಇಳಿಯುತ್ತಿರಲಿಲ್ಲ. ತಂಗಿಯೋ, ಒಂದೊಂದು ಪತ್ರವನ್ನೂ ಗಟ್ಟಿಯಾಗಿ ಓದಿ ಹೇಳುವಳು, ಅಕ್ಕನಿಗೂ ಖುಷಿಯಾಗಲಿ ಎಂದು. ಅದಕ್ಕಂತೂ ಹೊಟ್ಟೆ ಇನ್ನೂ ಉರಿಯುತ್ತಿತ್ತು.

ಆರನೆಯದು ಚಂದ್ರನ ಪುಸ್ತಕ. ಅಚ್ಚಿಗೆ ಹೋಗುವ ಮುಂಚೆ ಒಂದು ಕ್ರಮವಿತ್ತು. ತಂಗಿ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡುವಳು. ಅಕ್ಕ ಒಂದೊಂದನ್ನೇ ಪರೀಕ್ಷಿಸಿ, ಸರಿಯಿದ್ದರೆ ಹಿಂಬದಿಗೆ ಪೆನ್ಸಿಲಿನಲ್ಲಿ ಟಿಕ್ ಹಾಕುವರು. ಹಿಂದೆ ಆರು ಕಾಲಿನ ಜೇಡ ವಾಪಸಾಗಿತ್ತು, ದೀಪದ ಕಡೆಗೇ ಬಿದ್ದ ನೆರಳು ವಾಪಸಾಗಿತ್ತು. ತಂಗಿ ಒಂದು ಸಲವೂ ಗೊಣಗದೆ ಹೊಸದಾಗಿ ಬರೆದುಕೊಟ್ಟಿದ್ದಳು.

ಹನ್ನೊಂದನೆಯ ಚಿತ್ರ. ಎಡಗಡೆ ಗುಡ್ಡದ ಹಿಂದೆ ಸೂರ್ಯ ಮುಳುಗುತ್ತಿದ್ದಾನೆ, ಬಲಗಡೆ ಮೇಲೆ ಎಳೆ ಚಂದ್ರ, ಚಂದ್ರನಿಗೆ ಜೋತುಬಿದ್ದ ಹಲ್ಲಿ. ಚಂದವೇನೋ ಚಂದವೇ. ಆದರೆ ಚಂದ್ರನ ಕೊಂಬುಗಳೆರಡೂ ಸೂರ್ಯನ ಕಡೆಗಿದ್ದವು, ಹೊಳೆಯುವ ಬೆನ್ನು ಆಚೆಗೆ. ಕೆಳಗೆ ಮೇಡಂ ಬರೆದ ಸಾಲು: "ಚಂದ್ರನ ಹೊಳೆಯುವ ಬೆನ್ನು ಯಾವಾಗಲೂ ಸೂರ್ಯನ ಕಡೆಗೇ."

ಹೇಳಲು ಬಾಯಿ ತೆರೆದಿದ್ದರು. ಆಗಲೇ ತಂಗಿ ಹೊಸ ಪತ್ರವೊಂದನ್ನು ಹಿಡಿದು ನಗುತ್ತಾ ಒಳಗೆ ಬಂದಳು. ಯಾವನಾದರೂ ಒಬ್ಬ ಜಾಣ ಕಂಡುಹಿಡಿಯಲಿ, ಚಿತ್ರ ತಪ್ಪು, ಅಕ್ಷರ ಸರಿ ಅಂತ ಒಂದು ಸಲವಾದರೂ ಊರಿಗೆ ಗೊತ್ತಾಗಲಿ ಎಂದುಕೊಂಡು ಮೇಡಂ ಚಿತ್ರ ಮಗುಚಿ ಟಿಕ್ ಹಾಕಿದರು.

ಬಿಡುಗಡೆ ಗ್ರಂಥಾಲಯದ ಹಾಲಿನಲ್ಲಿ. ತಂಗಿ ಪುಟ ತಿರುಗಿಸುತ್ತಾ ಮಕ್ಕಳಿಗೆ ತೋರಿಸುತ್ತಿದ್ದಳು. ಹನ್ನೊಂದನೆಯ ಚಿತ್ರ ಬಂದಾಗ ಮುಂದಿನ ಸಾಲಿನಲ್ಲಿ ಗ್ರಂಥಪಾಲಕರ ಮಗಳು, ಕನ್ನಡಕದ ಹುಡುಗಿ, ಎದ್ದು ನಿಂತಳು.

"ಆಂಟಿ, ಚಂದ್ರ ಉಲ್ಟಾ ಇದ್ದಾನೆ."

ಮೇಡಂ ಎದೆಯೊಳಗೆ ಏನೋ ಕುಣಿಯಿತು. ಇದೇ, ಇದೇ ಬೇಕಿತ್ತು.

ತಂಗಿ ಪುಸ್ತಕ ತಿರುಗಿಸಿ ನೋಡಿಕೊಂಡಳು. "ಇರಲಾರದು ಪುಟ್ಟಿ. ನನಗೆ ಚಂದ್ರ ಸೂರ್ಯ ಏನೂ ಗೊತ್ತಾಗಲ್ಲ, ಆದ್ರೆ ನಮ್ಮಕ್ಕ ಪ್ರತಿ ಚಿತ್ರಾನೂ ನೋಡ್ತಾಳೆ. ಅವಳು ನೋಡಿದ ಮೇಲೆ ತಪ್ಪು ಉಳಿಯಲ್ಲ. ನೀನೇ ಇನ್ನೊಂದ್ಸಲ ನೋಡು."

ಕುಣಿಯುತ್ತಿದ್ದದ್ದು ಅಲ್ಲೇ ನಿಂತಿತು. ಹುಡುಗಿ ಪೆಚ್ಚಾಗಿ ಕೂರುವುದರಲ್ಲಿದ್ದಳು.

"ಕೂರಬೇಡ," ಎಂದರು ಮೇಡಂ. "ನೀನು ಹೇಳಿದ್ದೇ ಸರಿ. ಚಂದ್ರ ತಿರುಗಿ ನಿಂತಿದ್ದಾನೆ."

ಹಾಲಿನಲ್ಲಿ ಕೇಕೆ ಎದ್ದಿತು. ಮಕ್ಕಳು ಪೆನ್ಸಿಲ್ ಹಿಡಿದು ಮೇಡಂ ಸುತ್ತ ಮುತ್ತಿದರು: ಹೇಗೆ ಸರಿ ಮಾಡೋದು, ಯಾವ ಕಡೆ ಬೆನ್ನು, ನನ್ನ ಪುಸ್ತಕದಲ್ಲಿ ಮೊದಲು. ಅಷ್ಟು ವರ್ಷ ಅವರು ಆಸೆಪಟ್ಟು ಕಾದಿದ್ದ ಸಾಲು ಬಾಗಿಲವರೆಗೆ ಬೆಳೆಯಿತು. ಮೇಡಂ ಒಂದೊಂದೇ ಚಂದ್ರನನ್ನು ತಿದ್ದಿ ಕೊಟ್ಟರು, ಒಂದರಲ್ಲೂ ರುಚಿಯಿರಲಿಲ್ಲ. ಸಾಲಿನ ಕೊನೆಯಲ್ಲಿ ತಂಗಿ ನಿಂತಿದ್ದಳು, ಅದೇ ಪುಟ ತೆರೆದುಕೊಂಡು.

"ಕಣ್ತಪ್ಪಿ ಹೋಯ್ತೇನಕ್ಕ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ತಂಗಿ ಅದನ್ನೂ ನಂಬುತ್ತಿದ್ದಳು.

"ಇಲ್ಲ ಕಣೇ. ನೋಡಿದ್ದೆ."

ತಂಗಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಇಬ್ಬರೂ ಜೊತೆಯಲ್ಲೇ ಬಂದರು, ಊಟವೂ ಜೊತೆಯಲ್ಲೇ ಆಯಿತು.

ಏಳನೆಯ ಪುಸ್ತಕದ ಚಿತ್ರಗಳು ಎಂದಿನಂತೆ ಮೇಜಿನ ಮೇಲೆ ಹರಡಿಕೊಂಡವು. ಮೇಡಂ ಪೆನ್ಸಿಲ್ ಚೂಪು ಮಾಡಿಕೊಂಡು ಬಂದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೊದಲನೆಯದನ್ನು ನೋಡಿದರು. ಎಲ್ಲ ಸರಿಯಿತ್ತು. ಟಿಕ್ ಹಾಕಲು ಮಗುಚಿದರೆ ಅಲ್ಲಿ ಆಗಲೇ ಒಂದು ಟಿಕ್ ಇತ್ತು, ನೀಲಿ ಶಾಯಿಯಲ್ಲಿ, ಕೊಂಚ ಸೊಟ್ಟಗೆ. ಎರಡನೆಯದರಲ್ಲೂ ಇತ್ತು, ಮೂರನೆಯದರಲ್ಲೂ.

"ಆ ಕನ್ನಡಕದ ಹುಡುಗಿ ನೋಡಿಕೊಟ್ಟಳು," ಎಂದಳು ತಂಗಿ, ಕುಂಚ ತೊಳೆಯುತ್ತಾ. ಅವಳ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ನೀನೂ ಒಂದ್ಸಲ ನೋಡಕ್ಕ, ಬೇಕಾದ್ರೆ."