ಮೂರೂವರೆ ಆಂಪಿಯರ್ ಎಲ್ಲಿ ಹೋಯಿತು?

೧೯೬೩ರಲ್ಲಿ ನಾನು ಹೊಳೆನರಸೀಪುರದಲ್ಲಿ ವೈರ್‌ಮನ್ ಆಗಿದ್ದೆ. ಓದಿದ್ದು ತಡವಾಗಿ. ಇಪ್ಪತ್ತೇಳನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ, ಆಮೇಲೆ ವೈರ್‌ಮನ್ ಪರೀಕ್ಷೆ. ಹಾಗಾಗಿ ಲೆಕ್ಕ ಬರುತ್ತದೆ ಎಂಬ ಹೆಮ್ಮೆ ಸ್ವಲ್ಪ ಹೆಚ್ಚೇ ಇತ್ತು.

ಊರಿನ ಒಂದು ಹಾಸ್ಟೆಲಿನಲ್ಲಿ ಹಾಲು ಕಾಯಿಸಲು ಕಾಯಿಲ್ ಒಲೆ ಇತ್ತು. ಒಂದು ವಾರದಿಂದ ದಿನಾ ಬೆಳಿಗ್ಗೆ ಅದರ ಫ್ಯೂಸ್ ಹೋಗುತ್ತಿತ್ತು. ವಾರ್ಡನ್‌ಗೆ ಅಡುಗೆಯ ಪುಟ್ಟಮ್ಮನ ಮೇಲೆ ಅನುಮಾನ. ಅಡುಗೆಮನೆಯ ಗೋಡೆಯಾಚೆ ಅವಳ ತಮ್ಮನ ಟೈಲರ್ ಅಂಗಡಿ. ಗೋಡೆಯಲ್ಲಿ ಕೈ ತೂರುವಷ್ಟು ಕಿಂಡಿ.

"ಇಸ್ತ್ರಿ ಪೆಟ್ಟಿಗೆಗೆ ಇಲ್ಲಿಂದಲೇ ವೈರ್ ಹೋಗ್ತಿದೆ ಕಣ್ರೀ," ಎಂದು ವಾರ್ಡನ್ ಪಿಸುಗುಟ್ಟಿದರು. "ಅವಳ ಮೇಲೆ ದೂರಿನ ಕಾಗದ ಬರೆದಿಟ್ಟಿದ್ದೀನಿ. ನೀವೊಂದು ಸೈನ್ ಹಾಕಿ, ನಾಳೆಯಿಂದ ಅವಳು ಬರೋದು ಬೇಡ."

ದೀಪಗಳನ್ನೆಲ್ಲ ಆರಿಸಿ, ಒಲೆ ಹಚ್ಚಿ, ಅಡುಗೆಮನೆಗೆ ಕರೆಂಟು ಬರುವ ಬೋರ್ಡಿನಲ್ಲಿ ಮೀಟರ್ ಇಟ್ಟು ಅಳೆದೆ. ೨೨೦ ವೋಲ್ಟ್, ೮ ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವಾಟ್, ಅಂದರೆ ಪವರ್: ೧೭೬೦. ಒಲೆಯ ತಗಡಿನ ಮೇಲಿದ್ದದ್ದು ೧೦೦೦ ವಾಟ್. ಅದಕ್ಕೆ ನಾಲ್ಕೂವರೆ ಆಂಪಿಯರ್ ಸಾಕು. ಉಳಿದ ಮೂರೂವರೆ? ಹತ್ತಿರ ಹತ್ತಿರ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ನನಗೂ ಅನುಮಾನ ಗಟ್ಟಿಯಾಯಿತು.

"ಕಿಂಡಿಯಿಂದ ಏನಮ್ಮ ಕೊಡ್ತೀಯ?" ಎಂದೆ.

"ಕೆಂಡ ಸಾ! ಸೌದೆ ಒಲೇಲಿ ಅನ್ನ ಆದ್ಮೇಲೆ ಉಳ್ಯೋ ಕೆಂಡ. ಅವನ್ದು ಇದ್ಲು ಇಸ್ತ್ರಿ. ಕರೆಂಟ್ ಯಾಕ್ ಕದೀಲಿ ನಾನು? ಅದೇನು ಉಪ್ಪಿನ್ಕಾಯ, ಸೆರಗ್ನಲ್ ಕಟ್ಕಂಡ್ ಓಗಾಕೆ?"

"ಬಾಯಿ ನೋಡಿ," ಎಂದರು ವಾರ್ಡನ್.

ನಾನು ಪೆನ್ನು ತೆಗೆದೆ. ಅವಳು ಬಿಡಲಿಲ್ಲ. "ಒಲೇನೇ ಸರೀಗಿಲ್ಲ ಕಣ್ ಸಾ. ಮದ್ಲು ಎಲೆಅಡ್ಕೆ ಆಕ್ಕಂಡು ಉಗ್ದು ಬಂದ್ರೂ ಆಲು ಕಾಯ್ತಿರ್ಲಿಲ್ಲ. ಈಗ ತಿರಗ್ ನೋಡಾದ್ರೊಳ್ಗೆ ಉಕ್ಬುಡ್ತದೆ."

ಪೆನ್ನು ನಿಂತಿತು. ಕರೆಂಟು ಗೋಡೆಯಾಚೆ ಹೋಗುತ್ತಿದ್ದರೆ ಈಚೆಯ ಹಾಲು ಬೇಗ ಉಕ್ಕುವುದು ಹೇಗೆ?

ಈ ಸಲ ಮೀಟರನ್ನು ಒಲೆಯ ವೈರಿಗೇ ಸೇರಿಸಿದೆ. ಅಲ್ಲೂ ೮. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ತಂತಿ ಒಡ್ಡುವ ತಡೆ: ಇಪ್ಪತ್ತೇಳೂವರೆ ಓಮ್. ತಗಡಿನ ಪ್ರಕಾರ ನಲವತ್ತೆಂಟು ಇರಬೇಕಿತ್ತು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ತಣ್ಣಗಾದ ಮೇಲೆ ಕಾಯಿಲ್ ಎತ್ತಿ ನೋಡಿದೆ. ಮೂರು ಕಡೆ ತಿರುಚಿದ ಗಂಟು. ಮೂರೂ ನನ್ನ ಕೈಯವೇ.

ಹೊಸ ಕಾಯಿಲ್ ಹಾಸನದಿಂದ ಬರಬೇಕಾಗಿದ್ದ ಕಾಲ. ಕಡಿದುಹೋದರೆ ಸುಟ್ಟ ತುಂಡನ್ನು ಕಿತ್ತೆಸೆದು, ಉಳಿದದ್ದನ್ನು ಎಳೆದು ಗಂಟು ಹಾಕುವುದು ನಮ್ಮ ವೈರ್‌ಮನ್‌ಗಳ ರೂಢಿ. ಪ್ರತಿ ಸಲವೂ ತಂತಿ ಗಿಡ್ಡವಾಗುತ್ತದೆ, ತಡೆ ಕಡಿಮೆಯಾಗುತ್ತದೆ, ಕರೆಂಟು ಹೆಚ್ಚು ಹರಿಯುತ್ತದೆ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ ವಿಷಯ.

"ಹಾಗಾದ್ರೆ ತಪ್ಪು ಯಾರದ್ರೀ?" ಎಂದರು ವಾರ್ಡನ್.

ಒಲೆ ಹಳೆಯದಾಯಿತು ಎಂದು ಹೇಳಿ ನುಣುಚಿಕೊಳ್ಳಬಹುದಿತ್ತು. ಪುಟ್ಟಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಂದು," ಎಂದೆ.

ವಾರ್ಡನ್ ಕಾಗದ ಹರಿಯಲು ಹೋದರು. "ಅರೀಬ್ಯಾಡಿ ಸಾ," ಎಂದಳು ಅವಳು, "ಎಸ್ರು ಬದ್ಲಾಯ್ಸಿ, ಸಾಕು."

ಆಮೇಲೆ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಎಲ್ಲೇ ಕರೆಂಟು ಹೆಚ್ಚು ಕಂಡರೂ, ಅಲ್ಲಿ ಹಿಂದೆ ನಾನು ಕೈಯಾಡಿಸಿದ್ದೇನೆಯೇ ಎಂದು ಮೊದಲು ನೋಡಿ, ಆಮೇಲೆ ಬೇರೆಯವರನ್ನು ಕೇಳುತ್ತಿದ್ದೆ.