ಮೀಸೆಯಿಲ್ಲದ ಬೋರ್ಡು

“ನಿಲ್ಲವಾ, ಇವತ್ತು ಬೋರ್ಡಿನಾಗ ಯಾರ ಮೀಸಿನೂ ಇಲ್ಲಲ್ಲ! ಏನ್ ಬರ್ದಾರ ಓದು” ಎಂದು ಅತ್ತೆ ನನ್ನ ಸೆರಗು ಎಳೆದರು.

ಹಬ್ಬಕ್ಕೆಂದು ಹೊದೆಯುವ ಕೌದಿಗಳನ್ನು ಒಗೆಯಲು ಗಂಟು ಹೊತ್ತು ಜವಳಗೇರಾದ ಕಾಲುವೆಗೆ ಹೊರಟಿದ್ದೆವು. ಪಂಚಾಯ್ತಿ ಮುಂದಿನ ಡಿಜಿಟಲ್ ಬೋರ್ಡಿನಲ್ಲಿ ದಿನವೂ ಮುಖಂಡರ ಫೋಟೊಗಳೇ ಓಡುವುದರಿಂದ ನಾನು ಅತ್ತ ನೋಡುವುದನ್ನೇ ಬಿಟ್ಟಿದ್ದೆ. ಅತ್ತೆಗೆ ಓದು ಬಾರದು. ಬೇಸರದಿಂದಲೇ ತಲೆ ಎತ್ತಿದೆ. ‘ಇಂದು ಕಾಲುವೆಗೆ ನೀರು ಬಿಡಲಾಗುವುದು. ಯಾರೂ ಇಳಿಯಬೇಡಿ.’

ಕಾಲುವೆಯ ತಳದಲ್ಲಿ ನಿಂತ ನೀರಿಗೆ ಓಣಿಯ ಹೆಂಗಸರು ಆಗಲೇ ಇಳಿದಿದ್ದರು. ಓಡಿಹೋಗಿ ಕೂಗಿ ಮೇಲೆ ಹತ್ತಿಸಿದೆವು. ಸ್ವಲ್ಪ ಹೊತ್ತಿನಲ್ಲೇ ಭೋರೆಂದು ಬಂದ ನೀರು, ಅವರು ಬಿಟ್ಟುಬಂದ ಕೌದಿಯನ್ನು ಕೊಚ್ಚಿಕೊಂಡು ಹೋಯಿತು.

ಆ ಎರಡು ಸಾಲು ಹಾಕಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಅತ್ತೆ ಈಗಲೂ ಬೋರ್ಡಿನ ಮುಂದೆ ನಿಲ್ಲುತ್ತಾರೆ. ಬರೀ ಮೀಸೆಗಳಿದ್ದರೂ ನಾನು ಓದಿ ಹೇಳುತ್ತೇನೆ.