ರೈಲಿನ ಮುಂದೆ ಒಡೆದ ಕಾಯಿ

ನೀಲಕ್ಕ, ನಮ್ಮ ಓಣಿಯ ಆಟಿಕೆ ರೈಲು ನಡುದಾರಿಯಲ್ಲಿ ನಿಂತದ್ದು ನಿಮ್ಮ ಕೈಯ ತಪ್ಪಿನಿಂದಲ್ಲ. ಅವತ್ತು ಬೆಳಿಗ್ಗೆ, ನೀವ್ಯಾರೂ ಬರುವ ಮೊದಲು, ನಾನು ಅದರ ಮುಂದೆ ತೆಂಗಿನಕಾಯಿ ಒಡೆದಿದ್ದೆ.

ನಗಬೇಡಿ. ಅಥವಾ ನಕ್ಕುಬಿಡಿ, ಅದೇ ಒಳ್ಳೆಯದು — ಆಮೇಲೆ ಬೈಯುವಿರಂತೆ. ಇಷ್ಟನ್ನು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಜೀವನವಿಡೀ ಬಸ್ಸು ಓಡಿಸಿದವನು ನಾನು, ಘಾಟಿನಲ್ಲಿ ಎದುರಿಗೆ ಲಾರಿ ಬಂದರೂ ಹೆದರಿದವನಲ್ಲ. ನಿಮ್ಮ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಲು ಮಾತ್ರ ಹೆದರಿದೆ.

ಆ ಮಹಾನವಮಿ ನಿಮಗೂ ನೆನಪಿರಬೇಕು. 'ಇಳಕಲ್ಲಿಗೆ ರೈಲು ಬರತೇತಿ ಬರತೇತಿ ಅಂತ ಕೇಳಿ ಕೇಳಿ ಕಿವಿ ತೂತಾದ್ವು. ಈ ಹಬ್ಬಕ್ಕ ನಾವ ತಂದಬಿಡೂಣ ತಗೋರಿ' ಎಂದವರು ನೀವು. ಅಷ್ಟೇ ಸಾಕಾಯಿತು, ಇಡೀ ಓಣಿಗೆ ಹುಚ್ಚು ಹಿಡಿಯಿತು. ಸಮುದಾಯ ಭವನದ ತುಂಬ ಹಲಗೆ ಹಾಸಿದೆವು. ಒಂದು ತುದಿಗೆ ಬಾದಾಮಿ, ನಡುವೆ ಗುಡೂರು, ಇನ್ನೊಂದು ತುದಿಗೆ ನಮ್ಮ ಇಳಕಲ್ಲ. ಗೋಣಿಚೀಲಕ್ಕೆ ಕೆಮ್ಮಣ್ಣು ಬಳಿದು ಬಾದಾಮಿಯ ಗುಡ್ಡ ಎಬ್ಬಿಸಿದೆವು. ನೇಕಾರ ಸಂಗಪ್ಪ ತನ್ನ ತಾಯಿಯ ಹಳೆಯ ಹಸಿರು ಸೀರೆಗಳನ್ನು ತಂದು ಹಾಸಿದ. ಜೋಳದ ಹೊಲ ಬೆಳೆಯಿತು. ಗ್ರಾನೈಟ್ ಪಾಲಿಶ್ ಮಾಡುವವರು ಕೆಂಪು ಕಲ್ಲಿನ ತುಂಡುಗಳನ್ನು ಕೊಯ್ದು ಪ್ಲಾಟ್‌ಫಾರ್ಮ್ ಮಾಡಿಕೊಟ್ಟರು. ನನ್ನ ಹೆಂಡತಿ ಹೆಸರುಕಾಳಿನಷ್ಟು ಬುಟ್ಟಿ ಮಾಡಿ ಅದರಲ್ಲಿ ರೊಟ್ಟಿಯಿಟ್ಟು ಮಾರುವವಳನ್ನು ಕೂರಿಸಿದಳು. ರೊಟ್ಟಿ ಕಾಣಲು ಭೂತಗನ್ನಡಿ ಬೇಕಿತ್ತು!

ಜಗಳವಾದದ್ದು ಇಳಕಲ್ಲ ಸ್ಟೇಶನ್ ಎಲ್ಲಿರಬೇಕು ಎಂಬುದಕ್ಕೆ. ಸಂಗಪ್ಪ ಅದು ತನ್ನ ಮನೆ ಎದುರಿಗೇ ಬೇಕೆಂದು ಪಟ್ಟು ಹಿಡಿದ.

'ನಿನ್ನ ಮನಿ ಮುಂದ ಗಟಾರ ಐತಿ. ಇಳದ ಮಂದಿ ಈಜಿಕೋಂತ ಮನಿಗೆ ಹೋಗ್ಬೇಕೇನಲೇ?' ಎಂದೆ.

'ಡ್ರೈವರ್ ಕಾಕಾಗ ಎಲ್ಲಾ ಬಸ್‌ಸ್ಟ್ಯಾಂಡಿನ ಮಗ್ಗಲಕ ಬೇಕ್ರಿ' ಎಂದ ಅವನು. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ.

ಆದರೆ ರೈಲು — ರೈಲು ಮಾತ್ರ ನಿಮ್ಮದು. ಊರಿನ ಮಿಕ್ಸಿ, ಫ್ಯಾನುಗಳ ಸುಟ್ಟ ಮೋಟರು ಬಿಚ್ಚಿ ಹೊಸ ತಂತಿ ಸುತ್ತುವ ಕೈ ನಿಮ್ಮದು. ಎಂಜಿನ್ನಿನ ಪುಟ್ಟ ಮೋಟರಿಗೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಎಂಟು ದಿನ ಕೂತು ಸುತ್ತಿದಿರಿ. ಅದೂ ಕಣ್ಣಿನ ಪೊರೆಯ ಆಪರೇಶನ್ ಆದ ಹೊಸದರಲ್ಲಿ. ಹಬ್ಬದ ಹಿಂದಿನ ಸಂಜೆ ಭವನದ ಬಾಗಿಲ ಕೀಲಿಕೈ ನನ್ನ ಕೈಗೆ ಕೊಡುತ್ತ ಹೇಳಿದಿರಿ:

'ಕಾಕಾ, ಕುಂಕುಮ, ಕಾಯಿ, ಕರ್ಪೂರ — ಏನಿದ್ರೂ ಬಾಗಿಲದಾಗ. ಹಳಿ ಮ್ಯಾಲ ಒಂದ ಹನಿ ನೀರೂ ಬೀಳಬಾರ್ದು ನೋಡ್ರಿ.'

'ಆತವ್ವಾ' ಎಂದೆ. ಎಷ್ಟು ಸಲೀಸಾಗಿ ಎಂದೆ!

ಬೆಳಿಗ್ಗೆ ಬಾಗಿಲು ತೆಗೆದರೆ, ಹೊಸ ಎಂಜಿನ್ನು ಬಾದಾಮಿ ಸ್ಟೇಶನ್ನಿನಲ್ಲಿ ಹಣೆ ಬೋಳಾಗಿ ನಿಂತಿತ್ತು. ಆಯುಧಪೂಜೆಯ ದಿನ, ಗಾಲಿಯಿರುವ ವಾಹನ, ಕುಂಕುಮವಿಲ್ಲ! ಡಿಪೋದಲ್ಲಿ ಪ್ರತಿ ವರ್ಷ ನನ್ನ ಬಸ್ಸಿಗೆ ನಾನೇ ಕಾಯಿ ಒಡೆದವನು... ಭಕ್ತಿಯಿಂದ ಮಾಡಿದೆ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಬಾಗಿಲಲ್ಲಿ ಊರ ಹಿರಿಯರು ಒಡೆಯುತ್ತಾರೆ, ಒಳಗೆ ಮೊದಲ ಕಾಯಿ ನನ್ನದಾಗಲಿ ಎಂಬ ಹಟ. ಓಣಿಯ ರೈಲಿಗೆ ನಾನೂ ಒಬ್ಬ ಡ್ರೈವರ್ ಅನ್ನಿಸಿಕೊಳ್ಳುವ ಚಪಲ.

ಕುಂಕುಮ ಹಚ್ಚಿದೆ. ಗಾಲಿಗೆ ಒಂದು ಪುಟ್ಟ ನಿಂಬೆಹಣ್ಣು ಇಟ್ಟೆ. ಕಾಯಿ ಒಡೆಯಲು ಕಲ್ಲು ಬೇಕಲ್ಲ — ಪ್ಲಾಟ್‌ಫಾರ್ಮೇ ಇತ್ತು! ಒಂದೇ ಏಟು. ಕಾಯಿಯ ನೀರು ಚಿಲ್ಲನೆ ಎಂಜಿನ್ನಿನ ಮೈಮೇಲೆ, ಹಳಿಯ ಮೇಲೆ. ಧೋತರದ ಚುಂಗಿನಿಂದ ಗಡಬಡಿಸಿ ಒರೆಸಿದೆ. ಕೆಂಪು ಗುರುತು ಹೋಯಿತು, ಮೇಲೆ ಒಣಗಿತು, ಎಲ್ಲ ಸರಿಯಾಯಿತು ಅಂದುಕೊಂಡೆ. ನಿಂಬೆಹಣ್ಣನ್ನು ಕಿಸೆಗೆ ಹಾಕಿಕೊಂಡು ಕಾಯಿಯನ್ನು ಮನೆಗೆ ಒಯ್ದೆ. ಹೆಂಡತಿ ಚಟ್ನಿ ಅರೆದಳು. ಅದರಲ್ಲಿ ಒಂದು ಬಟ್ಟಲು ನಿಮ್ಮ ಮನೆಗೂ ಬಂತು ನೀಲಕ್ಕ, ಭಾಳ ಛಲೋ ಆಗೇತಿ ಎಂದು ನೀವು ಹೇಳಿಕಳಿಸಿದಿರಿ.

ಹತ್ತು ಗಂಟೆಗೆ ಭವನ ತುಂಬಿತು. ನೀವು ಗುಂಡಿ ಒತ್ತಿದಿರಿ. ರೈಲು ಕೂಗುತ್ತ ಬಾದಾಮಿ ಬಿಟ್ಟಿತು — ಆ ಚಪ್ಪಾಳೆ, ಆ ಸಿಳ್ಳೆ! ಹೊಲ ದಾಟಿತು. ಗುಡೂರಿನ ಹತ್ತಿರ ಬಿಕ್ಕಳಿಸಿತು, ಸಣ್ಣಗೆ ಸುಟ್ಟ ವಾಸನೆ ಬಂತು, ನಿಂತಿತು.

'ಖರೆ ರೈಲಿನಂಗ ಆತ ನೋಡ್ರಿ, ಇಳಕಲ್ಲಿಗೆ ಬರೂದ ಇಲ್ಲ ಇದು!' ಎಂದು ಯಾರೋ ಕೂಗಿದರು. ಜನ ಗೊಳ್ಳೆಂದು ನಕ್ಕರು. ನೀವು ನಗಲಿಲ್ಲ. ನನ್ನ ಕಡೆ ತಿರುಗಿದಿರಿ.

'ಕಾಕಾ, ಮುಂಜಾನಿ ನೀವು ಬಾಗಿಲಾ ತೆಗದಾಗ ಎಲ್ಲಾ ಸರಿ ಇತ್ತೇನ್ರಿ?'

'ಎಲ್ಲಾ ಸರಿ ಇತ್ತವ್ವಾ.'

ನನ್ನ ಪಾಪವೆಲ್ಲ ಆ ಮೂರು ಶಬ್ದದಲ್ಲಿದೆ. ಕಾಯಿ ಒಡೆದದ್ದು ಮುದುಕನ ಹುಚ್ಚುತನ — ಅದನ್ನು ಯಾರಾದರೂ ಕ್ಷಮಿಸಿಯಾರು. ನೀವು ಕನ್ನಡಕ ತೆಗೆದು, ಇಡೀ ಓಣಿಗೆ ಕೈ ಮುಗಿದು, 'ತಪ್ಪು ನಂದರಿ. ಕಣ್ಣು ಮೊದಲಿನಂಗ ಇಲ್ಲ, ಸುತ್ತು ತಪ್ಪೇನಿ' ಎಂದಾಗಲೂ ನಾನು ಬಾಯಿ ಬಿಡಲಿಲ್ಲವಲ್ಲ...

ಹಬ್ಬ ಮಾತ್ರ ಕೆಡಲಿಲ್ಲ, ಅದೂ ನಿಮ್ಮ ದೊಡ್ಡತನ. 'ಕೈಲೆ ನೂಕೂಣ ಬರ್ರಿ' ಎಂದು ನೀವೇ ಕರೆದಿರಿ. ಓಣಿಯವರೆಲ್ಲ ಪಾಳಿ ಹಚ್ಚಿ, ಕೂಗು ಹಾಕುತ್ತ, ಒಂದೊಂದು ಬೆರಳಿನಿಂದ ರೈಲನ್ನು ಇಳಕಲ್ಲಿಗೆ ಮುಟ್ಟಿಸಿದರು. ನಾನೂ ನೂಕಿದೆ. ಎಲ್ಲರಿಗಿಂತ ಜೋರಾಗಿ ಕೂಗಿದವನೂ ನಾನೇ.

ಆಮೇಲೆ ನೀವು ತಂತಿ ಸುತ್ತುವುದನ್ನೇ ಬಿಟ್ಟಿರಿ. ಈಗ ಬಂದ ಮೋಟರನ್ನೆಲ್ಲ ಬಾಗಲಕೋಟೆಗೆ ಕಳಿಸುತ್ತೀರಿ, ಅಂಗಡಿಯಲ್ಲಿ ಕುಕ್ಕರಿನ ರಬ್ಬರು, ಮಿಕ್ಸಿಯ ಜಾರು ಮಾರುತ್ತೀರಿ. ಕಣ್ಣು ದಣಿದಿದೆ, ಪಾಪ, ವಯಸ್ಸು ಎಂದು ನನಗೆ ನಾನೇ ಹೇಳಿಕೊಂಡೆ. ಮೊನ್ನೆ ಈ ವರ್ಷದ ರೈಲಿನ ಮಾತು ಬಂದಾಗ ನೀವು, 'ನನ್ನ ಕೈ ಮುಟ್ಟಸಬ್ಯಾಡ್ರಿ. ತಯಾರ ರೈಲು ತರ್ರಿ' ಎಂದಿರಿ. ಹಗುರವಾಗಿಯೇ ಎಂದಿರಿ. ನನಗೆ ಊಟ ಸೇರಲಿಲ್ಲ.

ಮರುದಿನ ಭವನದ ಕಪಾಟಿನಿಂದ ಆ ಎಂಜಿನ್ನು ತೆಗೆದುಕೊಂಡು ಬಾಗಲಕೋಟೆ ಬಸ್ಸು ಹತ್ತಿದೆ. ನೀವು ಮೋಟರು ಕಳಿಸುವ ಅಂಗಡಿಗೇ ಹೋದೆ. ಅಂಗಡಿಯವನು ಬಿಚ್ಚಿ ನೋಡಿ ನಕ್ಕ.

'ಅಜ್ಜಾರ, ಒಳಗ ನೀರು ಹೋಗೇತ್ರಿ. ಹಲ್ಲಿನ ಗಾಲಿಯಾಗ ಕುಂಕುಮ ಮೆತ್ತೇತಿ. ಇದಕ್ಕ ಪೂಜಾ ಯಾರು ಮಾಡಿದ್ರಿ?'

'ಯಾರೋ' ಎಂದೆ. ಅಲ್ಲಿಯೂ!

ಆಮೇಲೆ ಅವನು ಭೂತಗನ್ನಡಿ ಹಚ್ಚಿ ತಂತಿಯನ್ನು ನೋಡಿದ, ಭಾಳ ಹೊತ್ತು. 'ಸುಟ್ಟದ್ದು ಈ ಒಂದ ಬದಿ ಅಷ್ಟ. ಉಳಿದ ಸುತ್ತು ನೋಡ್ರಿ, ಒಂದ ಎಳಿ ಹೆಚ್ಚುಕಡಿಮಿ ಇಲ್ಲ. ಇಂಥಾ ಕೈ ನಂದೂ ಇಲ್ರಿ' ಎಂದ.

ನೀಲಕ್ಕ, ಎಂಜಿನ್ನು ನನ್ನ ಬಳಿ ಇದೆ. ಅವನ ಕೈಯಲ್ಲಿ ರಿಪೇರಿ ಮಾಡಿಸಲಿಲ್ಲ. ಮಾಡಬೇಕೋ ಬೇಡವೋ, ಅದು ನಿಮಗೆ ಬಿಟ್ಟದ್ದು. ನೀವು ನನ್ನೊಡನೆ ಮಾತು ಬಿಟ್ಟರೂ ಸರಿ, ನಾಲ್ಕು ಬೈದರೂ ಸರಿ — ಬೈಯುವುದೇ ಲೇಸು, ನಿಮ್ಮ ಬೈಗುಳದಲ್ಲಿ ನಗು ಇರುತ್ತದೆ.

ಈ ಕಾಗದವನ್ನು ನಿಮ್ಮ ಬಾಗಿಲ ಸಂದಿಯಲ್ಲಿ ಸರಿಸಿ ಓಡಿಬರುವ ಮನಸ್ಸಿತ್ತು. ಅಷ್ಟಕ್ಕೇ ಮುಗಿಸುವುದು ನ್ಯಾಯವಲ್ಲ. ನೀವು ಮಾಡದ ತಪ್ಪನ್ನು ಇಡೀ ಓಣಿ ಕೇಳಿದೆ. ನಾಳೆ ಸಂಜೆ ಭವನದಲ್ಲಿ ಹಬ್ಬದ ಸಭೆ ಇದೆ, ನೀವು ಬಂದೇ ಬರುತ್ತೀರಿ. ಎಲ್ಲರ ಮುಂದೆ ಎದ್ದು ನಿಂತು ಇದನ್ನು ಮೊದಲ ಸಾಲಿನಿಂದ ಓದುತ್ತೇನೆ. ಜನ ನಗುತ್ತಾರೆ, ನಗಲಿ. ಈ ಸಲ ಅವರು ನಗಬೇಕಾದದ್ದು ನನ್ನನ್ನು ನೋಡಿ.